ಹೌಸ್‌ಸ್ಟೆಡ್ಸ್ ಕೋಟೆಯಾಚೆ ಕಾಣುವುದು ಸ್ಕಾಟ್ಲೆಂಡೇ?

ಅಲ್ಲ. ಬ್ರಿಟನ್ ಪ್ರವಾಸಕ್ಕೆ ಹೊರಟವರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಲೇ ಇರುವುದರಿಂದ, ಈ ಸಲವಾದರೂ ವಿಷಯ ಇತ್ಯರ್ಥವಾಗಲೆಂದು ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಹೌಸ್‌ಸ್ಟೆಡ್ಸ್ ಉತ್ತರ ಇಂಗ್ಲೆಂಡಿನಲ್ಲಿರುವ ಒಂದು ರೋಮನ್ ಕೋಟೆ. ಅದರ ಉತ್ತರದ ಗೋಡೆಯೇ ಅಲ್ಲಿ ರೋಮನ್ ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಿದ ಗಡಿಗೋಡೆ, ಅಂದರೆ ಹೇಡ್ರಿಯನ್ ಗೋಡೆಯೂ ಹೌದು. ಕ್ರಿ.ಶ. 122ರ ಸುಮಾರಿಗೆ ಆರಂಭವಾದ ಈ ಗೋಡೆ ಪೂರ್ವದ ವಾಲ್ಸೆಂಡ್‌ನಿಂದ ಪಶ್ಚಿಮದ ಬೋನೆಸ್‌ವರೆಗಿನ ಸುಮಾರು 117 ಕಿ.ಮೀ. ಉದ್ದಕ್ಕೂ ಇಂದಿನ ಇಂಗ್ಲೆಂಡಿನ ಒಳಗೇ ಇದೆ. ಪಶ್ಚಿಮದ ತುದಿಯಲ್ಲಿ ಸಾಲ್ವೆ ಕೊಲ್ಲಿಯ ಎದುರು ದಡ ಸ್ಕಾಟ್ಲೆಂಡ್ ಎಂಬುದು ನಿಜ. ಆದರೆ ಪೂರ್ವ ಕರಾವಳಿಯಲ್ಲಿ ಗಡಿಯು ವಾಲ್ಸೆಂಡ್‌ನಿಂದ 90 ಕಿ.ಮೀ.ಗೂ ಹೆಚ್ಚು ಉತ್ತರಕ್ಕಿದೆ. ಹೌಸ್‌ಸ್ಟೆಡ್ಸ್‌ನಲ್ಲಿ ಗೋಡೆಯ ಈಚೆಗಿರುವಂತೆ ಆಚೆಗೂ ಇರುವುದು ನಾರ್ತಂಬರ್ಲೆಂಡ್ ಕೌಂಟಿಯೇ.

ಅದಕ್ಕಿಂತ ಮುಖ್ಯವಾದ ಮಾತೆಂದರೆ, ಗೋಡೆ ಕಟ್ಟಿದಾಗ ಇಂಗ್ಲೆಂಡೂ ಇರಲಿಲ್ಲ, ಸ್ಕಾಟ್ಲೆಂಡೂ ಇರಲಿಲ್ಲ. ಇಂದಿನ ಗಡಿಗೆ ಹೆಚ್ಚುಕಡಿಮೆ ಈ ರೂಪ ಕೊಟ್ಟದ್ದು ಎರಡು ರಾಜ್ಯಗಳ ದೊರೆಗಳ ನಡುವಿನ 1237ರ ಯಾರ್ಕ್ ಒಪ್ಪಂದ, ಅಂದರೆ ಗೋಡೆ ಎದ್ದು ಸಾವಿರಕ್ಕೂ ಹೆಚ್ಚು ವರ್ಷಗಳಾದ ಮೇಲೆ. ರೋಮನ್ನರಿಗೂ ಈ ಗೋಡೆ ಲೋಕದ ಕೊನೆಯಾಗಿರಲಿಲ್ಲ. ಬ್ಯೂಕ್ಯಾಸಲ್‌ನಂಥ ಹೊರಠಾಣೆಗಳು ಗೋಡೆಯಿಂದಾಚೆಗಿದ್ದವು. 142ರ ಸುಮಾರಿಗೆ ಅವರು ಇನ್ನೂ ಉತ್ತರಕ್ಕೆ ಹೋಗಿ, ಇಂದಿನ ಸ್ಕಾಟ್ಲೆಂಡಿನ ಫೋರ್ತ್ ಮತ್ತು ಕ್ಲೈಡ್ ನದೀಮುಖಗಳ ನಡುವೆ ಆಂಟೊನೈನ್ ಗೋಡೆಯನ್ನೇ ಕಟ್ಟಲಾರಂಭಿಸಿದರು. ಹೇಡ್ರಿಯನ್ ಗೋಡೆಯಲ್ಲಿ ಸರಿಸುಮಾರು ಪ್ರತಿ ರೋಮನ್ ಮೈಲಿಗೊಂದು ಚಿಕ್ಕ ಠಾಣೆಯನ್ನೂ ಅದಕ್ಕೊಂದು ಬಾಗಿಲನ್ನೂ ಇಟ್ಟಿದ್ದರು. ಸಂಚಾರವನ್ನು ನಿಲ್ಲಿಸುವುದಷ್ಟೇ ಉದ್ದೇಶವಾಗಿದ್ದರೆ ಅಷ್ಟು ಬಾಗಿಲುಗಳೇಕೆ ಬೇಕಿತ್ತು? ಕೋಟೆಯ ಪೂರ್ವಕ್ಕೆ ಇಳಿದರೆ ನಾಗ್ ಬರ್ನ್ ತೊರೆಯ ಪಕ್ಕದಲ್ಲಿ ಗೋಡೆಗೆ ಆಮೇಲೆ ಸೇರಿಸಿದ ಇನ್ನೊಂದು ಬಾಗಿಲಿನ ಬುಡ ಕಾಣುತ್ತದೆ. ಆಗ್ನೇಯ ಮೂಲೆಯ ಸಾಮೂಹಿಕ ಶೌಚಾಲಯವನ್ನು ನೋಡಿ ಹಿಂದಿರುಗುವವರು ದಯವಿಟ್ಟು ಅಲ್ಲಿಗೂ ಹೋಗಿ.

ಕಾವಲಿಗಿದ್ದವರು ಇಟಲಿಯವರೇ ಎಂದು ಯಾರೂ ಕೇಳುವುದಿಲ್ಲ, ಹಾಗೆಂದು ನಂಬಿಬಿಟ್ಟಿರುತ್ತಾರೆ. ಇಲ್ಲಿ ಬಹುಕಾಲ ಇದ್ದದ್ದು ಸುಮಾರು 800 ಜನರ ತುಂಗ್ರಿಯನ್ ಪಡೆ. ಅದನ್ನು ಮೊದಲು ಕಟ್ಟಿದ್ದು ಇಂದಿನ ಬೆಲ್ಜಿಯಂ ಸೀಮೆಯ ಜನರಿಂದ. ಮೂರನೆಯ ಶತಮಾನದಲ್ಲಿ ಫ್ರೀಸಿಯನ್ ಪಡೆಯೂ ಇತ್ತು. ಅವರು ರೋಮಿನ ಯುದ್ಧದೇವತೆ ಮಾರ್ಸ್‌ನ ಹೆಸರಿಗೆ ತಮ್ಮ ನಾಡಿನ ಥಿಂಕ್ಸಸ್ ಎಂಬ ಹೆಸರನ್ನು ಜೋಡಿಸಿ, ಬೆಡಾ ಮತ್ತು ಫಿಮ್ಮಿಲೇನಾ ಎಂಬ ದೇವಿಯರೊಡನೆ ಪೂಜಿಸಿ ನಿಲ್ಲಿಸಿದ ಬಲಿಪೀಠ, ಕೋಟೆಯ ದಕ್ಷಿಣದ ಚಾಪೆಲ್ ಹಿಲ್‌ನಲ್ಲಿ 1883ರಲ್ಲಿ ಸಿಕ್ಕಿತು. ಅದರ ಬರಹ ಮಾತ್ರ ಲ್ಯಾಟಿನ್ನಿನಲ್ಲಿದೆ.