ಝೀರೋ: 32ರ ನಂತರ 22 ಯಾಕೆ ಬಂತು?

ಜಪಾನಿನ ಝೀರೋ ಯುದ್ಧವಿಮಾನದ ಬಗ್ಗೆ ಓದಲು ಕೂತವರು ಮೊದಲು ಎಡವುವುದು ಅದರ ಮಾದರಿ ಸಂಖ್ಯೆಗಳಲ್ಲಿ. 11, 21, 32 ಆದ ಮೇಲೆ 22 ಬರುತ್ತದೆ, ಆಮೇಲೆ ಒಮ್ಮೆಗೇ 52. ಅಚ್ಚಿನ ತಪ್ಪಿರಬೇಕು ಅನ್ನಿಸುತ್ತದೆ. ತಪ್ಪಲ್ಲ. 21 ಎಂಬುದನ್ನು ಇಪ್ಪತ್ತೊಂದು ಎನ್ನದೆ ‘ಎರಡು, ಒಂದು’ ಎಂದು ಬಿಡಿಸಿ ಓದಬೇಕು. ಮೊದಲ ಅಂಕಿ ರೆಕ್ಕೆಯೂ ಸೇರಿದ ಒಡಲಿನದು, ಎರಡನೆಯದು ಎಂಜಿನ್ನಿನದು. ಹಾಗೆ ಓದಿದರೆ 32ರ ನಂತರದ 22 ಎಂದರೆ ಎಂಜಿನ್ ಹೊಸದೇ ಉಳಿಯಿತು, ಒಡಲು ಮಾತ್ರ ಹಳೆಯ ರೂಪಕ್ಕೆ ಮರಳಿತು ಎಂದರ್ಥ. ಯಾಕೆ ಮರಳಬೇಕಾಯಿತು ಎಂದು ಹುಡುಕುತ್ತಾ ಹೋದರೆ 1937ಕ್ಕೆ ಬಂದು ನಿಲ್ಲುತ್ತೇವೆ.

ಆ ವರ್ಷ ಜಪಾನಿನ ನೌಕಾಪಡೆ ಹೊಸ ಯುದ್ಧವಿಮಾನಕ್ಕೆ ಬೇಡಿಕೆಯ ಪಟ್ಟಿ ಕೊಟ್ಟಿತು. ಗಂಟೆಗೆ 500 ಕಿ.ಮೀ. ವೇಗ, ರೆಕ್ಕೆಗಳಲ್ಲಿ 20 ಮಿ.ಮೀ.ನ ಎರಡು ಫಿರಂಗಿ, ಹೊರಗೆ ಕಟ್ಟುವ ಟ್ಯಾಂಕ್ ಸೇರಿದರೆ ಆರರಿಂದ ಎಂಟು ಗಂಟೆ ಹಾರಾಟ. ಇಷ್ಟಾದ ಮೇಲೂ ಆಕಾಶದಲ್ಲಿ ಮೈ ತಿರುಗಿಸುವುದರಲ್ಲಿ ಆಗಿನ ಹಗುರ ವಿಮಾನಕ್ಕೆ ಸರಿಸಮ ಇರಬೇಕು. ಇವೆಲ್ಲ ಒಂದೇ ವಿಮಾನದಲ್ಲಿ ಆಗದ ಮಾತು ಎಂದು ನಕಾಜಿಮಾ ಕಂಪನಿ ಹಿಂದೆ ಸರಿಯಿತು. ಮಿತ್ಸುಬಿಷಿ ಕಂಪನಿಯ ವಿನ್ಯಾಸಕಾರ ಜಿರೋ ಹೊರಿಕೋಶಿ ಮತ್ತು ಅವರ ತಂಡ ಉಳಿಯಿತು.

ಎಂಜಿನ್ನಿನ ಬಲ 1,000 ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ತೂಕ ಇಳಿಸುವುದೊಂದೇ ದಾರಿ. ಸುಮಿತೊಮೊ ಎಂಬ ಲೋಹದ ಕಂಪನಿ ಆಗಷ್ಟೇ ತಯಾರಿಸಿದ್ದ ಹೊಸ ಅಲ್ಯೂಮಿನಿಯಂ ಮಿಶ್ರಲೋಹ ರೆಕ್ಕೆಯ ತೊಲೆಗೆ ಬಂತು. ರೆಕ್ಕೆಗಳನ್ನು ಬೇರೆ ಮಾಡಿ ಬೋಲ್ಟ್ ಹಾಕುವ ಬದಲು ಒಡಲಿನ ಮುಂಭಾಗದ ಜೊತೆಗೇ ಒಂದಾಗಿ ಕಟ್ಟಿದರು. ಭಾರ ಹೊರದ ಕಡೆಯೆಲ್ಲ ಲೋಹಕ್ಕೆ ತೂತು ಕೊರೆದರು. ಗುಲಗಂಜಿ ತೂಕವನ್ನೂ ಲೆಕ್ಕ ಹಿಡಿದು ಕಟ್ಟಿದ ಆ ವಿಮಾನದಲ್ಲಿ ಎರಡು ವಸ್ತುಗಳಿಗೆ ಜಾಗ ಸಿಗಲಿಲ್ಲ: ಪೈಲಟ್ ಬೆನ್ನಿಗೆ ಉಕ್ಕಿನ ಹಲಗೆ, ಮತ್ತು ಗುಂಡು ತಗುಲಿದರೆ ತಾನೇ ಮುಚ್ಚಿಕೊಳ್ಳುವ ಇಂಧನ ಟ್ಯಾಂಕ್. ಬೇಡಿಕೆಯ ಪಟ್ಟಿಯಲ್ಲೂ ಅವು ಇರಲಿಲ್ಲ. ಆ ಪಟ್ಟಿಯನ್ನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಹೋಗುವುದು ಅದರಲ್ಲಿ ಬರೆಯದೆ ಬಿಟ್ಟ ಆ ಸಾಲಿನ ಕಡೆಗೇ.

1939ರ ಮಾರ್ಚ್‌ನಲ್ಲಿ ಮೊದಲ ವಿಮಾನ ಸಿದ್ಧವಾಯಿತು. ನಗೋಯಾದ ಕಾರ್ಖಾನೆಯ ಪಕ್ಕ ವಿಮಾನ ನಿಲ್ದಾಣವಿರಲಿಲ್ಲ. ಬಿಡಿಸಿದ ಭಾಗಗಳನ್ನು ಎರಡು ಎತ್ತಿನ ಗಾಡಿಗಳ ಮೇಲೆ ಹೇರಿ, ಸುಮಾರು 40 ಕಿ.ಮೀ. ದೂರದ ಕಗಾಮಿಗಹರಕ್ಕೆ ರಾತ್ರಿಯೇ ಹೊರಟರು. ಲಾರಿಯಲ್ಲಿ ಹಾಕಿದರೆ ಆ ಹಾಳು ರಸ್ತೆಯ ಕುಲುಕಾಟಕ್ಕೆ ನವಿರಾದ ಮೈ ತಡೆಯುತ್ತಿರಲಿಲ್ಲ; ಎತ್ತುಗಳ ನಡಿಗೆಯೇ ಅದಕ್ಕೆ ಸರಿ. ಏಪ್ರಿಲ್ 1ರಂದು ಅದು ಹಾರಿತು. ಮೂರನೇ ವಿಮಾನಕ್ಕೆ ನಕಾಜಿಮಾದ 940 ಅಶ್ವಶಕ್ತಿಯ ಸಕಾಯೆ ಎಂಜಿನ್ ಕೂತಿತು. 1940ರ ಮಾರ್ಚ್‌ನಲ್ಲಿ ಒಂದು, 1941ರ ಏಪ್ರಿಲ್‌ನಲ್ಲಿ ಇನ್ನೊಂದು ವಿಮಾನ ಪರೀಕ್ಷೆಯ ವೇಳೆ ಕಡಿದಾಗಿ ಕೆಳಗಿಳಿಯುವಾಗ ಅದುರಿ ಒಡೆದು, ಇಬ್ಬರು ಪೈಲಟ್‌ಗಳು ಸತ್ತರು. ಹಗುರತನಕ್ಕೆ ತೆತ್ತ ಮೊದಲ ಬೆಲೆ ಅದು.

1940, ಜಪಾನಿನ ಸಾಮ್ರಾಜ್ಯ ಶಕೆಯಲ್ಲಿ 2600ನೇ ವರ್ಷ. ಕೊನೆಯ ಸೊನ್ನೆಯೇ ವಿಮಾನದ ಹೆಸರಾಯಿತು. ಆ ಸೆಪ್ಟೆಂಬರ್‌ನಲ್ಲಿ ಚೀನಾದ ಚೊಂಗ್‌ಚಿಂಗ್ ನಗರದ ಮೇಲೆ 13 ಝೀರೋಗಳು ಕಾದಾಡಿ, ಒಂದನ್ನೂ ಕಳೆದುಕೊಳ್ಳದೆ ಮರಳಿದವು. ವಿಮಾನವಾಹಕ ನೌಕೆಯ ಲಿಫ್ಟಿನಲ್ಲಿ ಹಿಡಿಸಲೆಂದು 12 ಮೀಟರ್ ರೆಕ್ಕೆಯ ತುದಿಗಳನ್ನು 50 ಸೆಂ.ಮೀ.ನಷ್ಟು ಮಡಚುವಂತೆ ಮಾಡಿದ್ದು ಮಾದರಿ 21. ಪರ್ಲ್ ಹಾರ್ಬರ್‌ಗೆ ಹೋದದ್ದು ಅದೇ.

ಇನ್ನು 32. ಹೊಸ ಸಕಾಯೆ ಎಂಜಿನ್ 1,130 ಅಶ್ವಶಕ್ತಿಯದು, ಎರಡು ವೇಗದ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇದ್ದದ್ದು. ಅದರ ಉದ್ದ ಹೆಚ್ಚಿದ್ದರಿಂದ ಹಿಂದಿನ ಗೋಡೆಯನ್ನು ಸರಿಸಬೇಕಾಯಿತು, ಅಲ್ಲಿದ್ದ ಇಂಧನ ಟ್ಯಾಂಕ್ ಕುಗ್ಗಿತು. ರೆಕ್ಕೆಯ ಮಡಚುವ ತುದಿಗಳನ್ನು ಪೂರ್ತಿ ತೆಗೆದು ಚೌಕ ಮಾಡಿದರು. ತಯಾರಿಕೆ ಸುಲಭವಾಯಿತು, ವೇಗದಲ್ಲಿ ಮಗ್ಗುಲಾಗುವುದೂ ಚುರುಕಾಯಿತು. ಕಾಗದದ ಮೇಲೆ ಎಲ್ಲವೂ ಸುಧಾರಣೆಯೇ. ಎಂಜಿನ್ ಹೆಚ್ಚು ಕುಡಿಯುತ್ತದೆ, ಟ್ಯಾಂಕ್ ಚಿಕ್ಕದು ಎಂಬುದೊಂದೇ ಕೊರತೆ, ಅದು ಆಗ ದೊಡ್ಡದಾಗಿ ಕಾಣಲಿಲ್ಲ.

1942ರ ಆಗಸ್ಟ್ 7ರಂದು ಅಮೆರಿಕನ್ನರು ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಇಳಿದರು. ಜಪಾನಿನ ನೆಲೆ ರಬೌಲ್, ನಡುವೆ ಸಾವಿರ ಕಿ.ಮೀ.ಗೂ ಹೆಚ್ಚು ಸಮುದ್ರ. ಹೊಸ 32 ಅಷ್ಟು ದೂರ ಹೋಗಿ, ಹೋರಾಡಿ, ಮರಳಲಾರದು. ಹಳೆಯ 21ಗಳೇ ಹೊರಟವು. ಆ ದಿನ ತಲೆಗೆ ಗುಂಡು ತಗುಲಿ, ಒಂದು ಕಣ್ಣು ಕಾಣದಾಗಿದ್ದ ಪೈಲಟ್ ಸಬುರೊ ಸಕಾಯ್ ನಾಲ್ಕೂಮುಕ್ಕಾಲು ಗಂಟೆ ಒಬ್ಬರೇ ಹಾರಿ ರಬೌಲ್‌ಗೆ ಬಂದಿಳಿದರು. ಅವರ ಸಹನಶಕ್ತಿಯ ಕಥೆ ಎಂದು ಇದನ್ನು ಹೇಳುತ್ತಾರೆ, ಹೌದು. ಆದರೆ ಗಾಯವಾಗದ ಪೈಲಟ್‌ಗಳೂ ದಿನದಿನವೂ ಅದೇ ದೂರವನ್ನು ಹೋಗಿ ಬರಬೇಕಿತ್ತು. ತೂತು ಬಿದ್ದ ಟ್ಯಾಂಕಿನ ಪೆಟ್ರೋಲ್ ಹೊತ್ತಿಕೊಳ್ಳದಿದ್ದರೂ ಸೋರಿ ಮುಗಿದರೆ ಕೆಳಗಿರುವುದು ನೀರೇ.

ಹೀಗೆ 22 ಹುಟ್ಟಿತು: ಹೊಸ ಎಂಜಿನ್ನಿಗೆ 12 ಮೀಟರಿನ ಹಳೆಯ ರೆಕ್ಕೆ, ಅದರೊಳಗೆ ಹೆಚ್ಚುವರಿ ಟ್ಯಾಂಕ್. ದೂರ ಮರಳಿ ದಕ್ಕಿತು. ಅದು ಸಾಕಷ್ಟು ಸಂಖ್ಯೆಯಲ್ಲಿ ತಯಾರಾಗುವ ಹೊತ್ತಿಗೆ ಗ್ವಾಡಲ್‌ಕೆನಾಲ್ ಕೈತಪ್ಪಿತ್ತು.

ಅಷ್ಟರಲ್ಲಿ ಅಲಾಸ್ಕಾ ಬಳಿಯ ಅಲ್ಯೂಷಿಯನ್ ದ್ವೀಪವೊಂದರ ಜೌಗಿನಲ್ಲಿ ಮಗುಚಿ ಬಿದ್ದಿದ್ದ ಒಂದು 21 ಅಮೆರಿಕನ್ನರಿಗೆ ಸಿಕ್ಕಿ, ರಿಪೇರಿಯಾಗಿ, ಹಾರಿತ್ತು. ಹೆಚ್ಚು ವೇಗದಲ್ಲಿ ಅದರ ರೆಕ್ಕೆಯ ನಿಯಂತ್ರಣ ಕಲ್ಲಿನಂತೆ ಬಿಗಿಯಾಗುತ್ತದೆ, ಮೂಗನ್ನು ಥಟ್ಟನೆ ಕೆಳಕ್ಕೆ ತಳ್ಳಿದರೆ ಎಂಜಿನ್ ಉಸಿರು ಕಟ್ಟುತ್ತದೆ ಎಂಬುದನ್ನು ಅವರು ಸ್ವತಃ ಹಾರಿಸಿ ನೋಡಿಕೊಂಡರು.

1943ರ ಮಾದರಿ 52ರಲ್ಲಿ ರೆಕ್ಕೆ ಮತ್ತೆ 11 ಮೀಟರ್, ಈ ಸಲ ದುಂಡು ತುದಿಯದು. ಹೊಗೆ ಕೊಳವೆಗಳನ್ನು ಹಿಂದಕ್ಕೆ ತಿರುಗಿಸಿ ವೇಗವನ್ನು 565 ಕಿ.ಮೀ.ಗೆ ಏರಿಸಿದರು. ಆಮೇಲೆ ದಪ್ಪ ತಗಡು, ಬೆಂಕಿ ಆರಿಸುವ ಸಾಧನ, ದಪ್ಪ ಗಾಜು, ಕೊನೆಗೆ ಬೆನ್ನಿಗೆ ಉಕ್ಕಿನ ಹಲಗೆ, ಒಂದೊಂದಾಗಿ ಬಂದವು. ಏಳು ವರ್ಷದ ಹಿಂದೆ ಪಟ್ಟಿಯಲ್ಲಿ ಇರಬೇಕಾದದ್ದು ಈಗ ಬಂತು, ಆದರೆ ಎಂಜಿನ್ ಅದೇ ಸಕಾಯೆ. ಎದುರಿಗೆ 2,000 ಅಶ್ವಶಕ್ತಿಯ ಅಮೆರಿಕನ್ ಯುದ್ಧವಿಮಾನ ಹೆಲ್‌ಕ್ಯಾಟ್. ಒಂದು ಕಡೆ ಏನು ಸೇರಿಸಿದರೂ ಇನ್ನೊಂದು ಕಡೆಯಿಂದ ಕಿತ್ತುಕೊಳ್ಳಲೇಬೇಕು. ಕೊಡಲು ಆ ಒಡಲಿನಲ್ಲಿ ಏನೂ ಉಳಿದಿರಲಿಲ್ಲ.

ಮಿತ್ಸುಬಿಷಿಯದೇ ಕಿನ್ಸೆಯ್ ಎಂಬ ದೊಡ್ಡ ಎಂಜಿನ್ ಇತ್ತು. ಮೊದಲ ನಕ್ಷೆಯ ಕಾಲದಲ್ಲೇ ಹೊರಿಕೋಶಿ ಅದನ್ನು ತೂಗಿ ನೋಡಿ, ಭಾರವೆಂದು ಪಕ್ಕಕ್ಕಿಟ್ಟಿದ್ದರು. ಮುಂದೆ ಅದನ್ನು ಹಾಕೋಣವೆಂಬ ಮಾತು ಎದ್ದಾಗ, ಎಂಜಿನ್ ಬದಲಿಸಿದರೆ ತಯಾರಿಕೆ ನಿಧಾನವಾಗುತ್ತದೆ, ದೂರ ಕಡಿಮೆಯಾಗುತ್ತದೆ ಎಂಬ ಲೆಕ್ಕವೇ ಮೇಲಾಯಿತು. ಝೀರೋ ಜಾಗಕ್ಕೆ ಬರಬೇಕಿದ್ದ ರೆಪ್ಪು ವಿಮಾನ 1944ರ ಮೇ ತಿಂಗಳಲ್ಲಿ ಮೊದಲು ಹಾರಿದರೂ ಯುದ್ಧಕ್ಕೆ ಒದಗಲಿಲ್ಲ. ಕಡೆಗೆ ಒಪ್ಪಿಗೆ ಸಿಕ್ಕಿ, 1,560 ಅಶ್ವಶಕ್ತಿಯ ಕಿನ್ಸೆಯ್ ಹೊತ್ತ ಝೀರೋ ಹಾರಿದ್ದು 1945ರಲ್ಲಿ. ತಯಾರಾದದ್ದು ಎರಡು.