ಪ್ಯಾಚ್ ಇದ್ದ ಮೇಲೆ ಮಾತ್ರೆ ಯಾಕೆ?

ಕ್ಯಾನ್ಸರ್ ರೋಗಿಯ ತೋಳಿಗೆ ಫೆಂಟನಿಲ್ ಎಂಬ ನೋವಿನ ಔಷಧಿಯ ಪ್ಯಾಚ್ ಅಂಟಿಸಿರುತ್ತಾರೆ. ಜೊತೆಗೆ ಮಾರ್ಫಿನ್ ಮಾತ್ರೆಯನ್ನೂ ಕೊಡುತ್ತಾರೆ. ಮನೆಯವರಿಗೆ ದಿಗಿಲು. ಎರಡೂ ಅಫೀಮಿನ ಜಾತಿಯವೇ ಅಲ್ವಾ, ಒಂದು ಸಾಲದಾ?

ಎರಡೂ ನರಮಂಡಲದ ಒಂದೇ ಬೀಗಕ್ಕೆ ಕೂರುವ ಕೀಲಿಗಳು, ನಿಜ. ಆದರೆ ಬೀಗದವರೆಗೆ ಬರುವ ವೇಗವೇ ಬೇರೆ.

ಪ್ಯಾಚಿನ ಕೆಲಸ ನನಗೆ ಬಹಳ ಇಷ್ಟ. ಫೆಂಟನಿಲ್ ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತದೆ. ಹಾಗಾಗಿ ಚರ್ಮದೊಳಕ್ಕೆ ಇಳಿದು ಅಲ್ಲೇ ಶೇಖರವಾಗುತ್ತದೆ. ಒಣಗಿದ ಕೆರೆಗೆ ಮೊದಲ ಮಳೆ ಬಿದ್ದ ಹಾಗೆ. ಕೆರೆ ತುಂಬದೆ ತೂಬಿನಲ್ಲಿ ನೀರು ಬರುವುದಿಲ್ಲ. ಮೊದಲ ಪ್ಯಾಚ್ ಹಾಕಿದಾಗ ನೋವು ತಗ್ಗಲು 12ರಿಂದ 24 ಗಂಟೆ ಬೇಕಾಗುವುದು ಇದಕ್ಕೇ. ತುಂಬಿದ ಮೇಲೆ 72 ಗಂಟೆ ಹದವಾಗಿ ಹರಿಯುತ್ತದೆ. ಕಿತ್ತರೂ ತಕ್ಷಣ ನಿಲ್ಲುವುದಿಲ್ಲ. ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 17 ಗಂಟೆ ಹಿಡಿಯುತ್ತದೆ. ಪ್ಯಾಚಿನ ಮೇಲೆ ಬಿಸಿನೀರಿನ ಚೀಲ ಇಟ್ಟರೆ ತೂಬು ಪೂರ್ತಿ ತೆರೆದ ಹಾಗೆ. ಅಪಾಯ, ಖಂಡಿತ ಬೇಡ.

ಈಗ ರೋಗಿ ಮಗ್ಗುಲು ಬದಲಿಸುತ್ತಾರೆ. ಮೂಳೆಯಲ್ಲಿ ನೋವು ಚಳಕ್ಕೆನ್ನುತ್ತದೆ. ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿ, ಅರ್ಧ ಗಂಟೆಯಲ್ಲೋ ಒಂದು ಗಂಟೆಯಲ್ಲೋ ಇಳಿಯುತ್ತದೆ. ಇಷ್ಟಕ್ಕೆ ಪ್ಯಾಚನ್ನೇ ಹೆಚ್ಚಿಸಿದರೆ? ನೋವು ಹೋದ ಮೇಲೂ ಔಷಧಿ ಉಳಿಯುತ್ತದೆ. ಮಂಪರು ಜಾಸ್ತಿಯಾಗುತ್ತದೆ, ಉಸಿರು ನಿಧಾನವಾಗುತ್ತದೆ. ಒಲೆಯಲ್ಲಿ ಕೆಂಡ ಸದಾ ಇರಲಿ, ಆದರೆ ಹಾಲು ಉಕ್ಕಿಸಲು ನಾಲ್ಕು ಪುಳ್ಳೆ ಸಾಕಲ್ಲವೇ? ಮಾರ್ಫಿನ್ ಮಾತ್ರೆ ಆ ಪುಳ್ಳೆ. ಅರ್ಧ ಗಂಟೆಯಲ್ಲಿ ಹತ್ತಿಕೊಂಡು, ನಾಲ್ಕು ಗಂಟೆಯಲ್ಲಿ ಆರುತ್ತದೆ. ಅದರ ಪ್ರಮಾಣವನ್ನು ವೈದ್ಯರು ಸುಮ್ನೆ ಅಂದಾಜಿನಲ್ಲಿ ಬರೆಯುವುದಿಲ್ಲ. ಸಾಮಾನ್ಯವಾಗಿ ಇಡೀ ದಿನದ ಮಾರ್ಫಿನ್ ಲೆಕ್ಕದ ಹತ್ತರಲ್ಲಿ ಒಂದರಿಂದ ಆರರಲ್ಲಿ ಒಂದು ಭಾಗ. ಪ್ಯಾಚನ್ನೂ ಮಾರ್ಫಿನ್ ಲೆಕ್ಕಕ್ಕೆ ತಿರುಗಿಸಿಯೇ ಇದನ್ನು ಹಾಕುತ್ತಾರೆ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿ, ಗ್ರೀಕರ ಕನಸಿನ ದೇವರ ಹೆಸರಿಟ್ಟ. ನಮ್ಮ ಪಾಯಸದ ಗಸಗಸೆ ಗಿಡದ ಕಾಯಿಯ ಹಾಲೇ ಅಫೀಮು. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಅದನ್ನು ಕಾನೂನುಬದ್ಧವಾಗಿ ಬೆಳೆಯುತ್ತಾರೆ. ಆದರೂ 1985ರ ಮಾದಕ ವಸ್ತು ಕಾಯ್ದೆಯ ಕಟ್ಟುಪಾಡಿನಿಂದ ಇಲ್ಲಿನ ರೋಗಿಗಳಿಗೇ ಮಾರ್ಫಿನ್ ಸಿಗುವುದು ಕಷ್ಟವಾಯಿತು. 2014ರಲ್ಲಿ ಕಾಯ್ದೆ ತಿದ್ದಿದರು. ಭಯ ಮಾತ್ರ ಇನ್ನೂ ಹೋಗಿಲ್ಲ. ‘ಚಟ ಹಿಡಿಯುತ್ತದೆ’ ಎಂದು ಮಾತ್ರೆಯನ್ನು ಬಚ್ಚಿಡುವವರಿದ್ದಾರೆ. ಹಲ್ಲು ಕಚ್ಚಿಕೊಂಡು ಮಲಗಿರುವವರ ಎದುರು ಇದು ಅನ್ಯಾಯ.

ಮಾತ್ರೆ ಯಾವಾಗ, ಎಷ್ಟು ಸಲ ಬೇಕಾಯಿತು ಎಂದು ಬರೆದಿಡಿ. ದಿನಕ್ಕೆ ನಾಲ್ಕೈದು ಸಲ ಬೇಕಾಗುತ್ತಿದ್ದರೆ ಕೆಂಡವೇ ಸಾಲುತ್ತಿಲ್ಲ ಎಂದು ಅರ್ಥ. ಪ್ಯಾಚ್ ಹೆಚ್ಚಿಸಬೇಕೇ ಎಂದು ವೈದ್ಯರು ಆ ಚೀಟಿ ನೋಡಿಯೇ ತೀರ್ಮಾನಿಸುತ್ತಾರೆ.