ಹತ್ತುಮೀನಿಗೆ ಅರ್ಧ ಹಳ್ಳ ಬಿಡಿ

ಮುಂಗಾರಿನ ಮೊದಲ ದೊಡ್ಡ ಮಳೆಗೆ ತುಂಗೆ ಕೆಂಪಾದ ರಾತ್ರಿ ಶೃಂಗೇರಿ, ಕೊಪ್ಪದ ಕಡೆ ನಿದ್ದೆ ಕಡಿಮೆ. ಹೊಳೆಯ ಮೀನು ಹಳ್ಳ ಹಿಡಿದು ಗದ್ದೆಗೆ ಹತ್ತುತ್ತದೆ; ಅದೇ ಹತ್ತುಮೀನು. ಟಾರ್ಚು, ಕತ್ತಿ, ಕಡ್ಡಿಯಿಂದ ಹೆಣೆದ ಮೀನುಬೋನಾದ ಕೂಣಿ ಹಿಡಿದ ಜನ ಹಳ್ಳಕ್ಕೆ ಇಳಿಯುತ್ತಾರೆ. ಮೀನುಗಾರಿಕೆಯ ಸಲಹೆ ಹೇಳುತ್ತ ಈ ಊರುಗಳನ್ನು ಸುತ್ತುವ ನನಗೆ ಅದು ಸಂಕಟದ ರಾತ್ರಿ.

ಹತ್ತುಮೀನು ಬರುವುದು ಮೊಟ್ಟೆ ಇಡಲು. ಒಮ್ಮೆ ಒಂದು ಮನೆಯ ಹಿತ್ತಲಲ್ಲಿ ಅಂಗೈಯಷ್ಟು ಗೆಂಡೆಮೀನನ್ನು ಕೊಯ್ಯುವಾಗ ಪಕ್ಕದಲ್ಲಿ ನಿಂತಿದ್ದೆ. ಹೊಟ್ಟೆ ಸೀಳಿದೊಡನೆ ನವಣೆಯಂಥ ಹಳದಿ ಮೊಟ್ಟೆ ಬೂದಿಯ ಮೇಲೆ ಸುರಿಯಿತು. ಮನೆಯೊಡತಿ ಕತ್ತಿ ಕೆಳಗಿಟ್ಟು, "ಇದು ಬಸುರಿ ಮೀನಲ್ಲವೇ?" ಎಂದರು. ಆ ಪ್ರಶ್ನೆ ನನ್ನ ಎಷ್ಟೋ ಭಾಷಣಗಳಿಗಿಂತ ದೊಡ್ಡದು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಸರ್ಕಾರದ ಆದೇಶ, ನಿಜ. ಆದರೆ ಬಂದರಿನಲ್ಲಿ ಎಲ್ಲರ ದೋಣಿಯೂ ಒಟ್ಟಿಗೆ ನಿಂತಾಗಲೇ ಆದೇಶಕ್ಕೆ ಬೆಲೆ. ಇಲ್ಲಿಯೂ ತೋಟೆ ಸಿಡಿಸುವುದನ್ನು, ನೀರಿಗೆ ವಿಷ ಹಾಕುವುದನ್ನು ಕಾನೂನೇ ಅಪರಾಧವೆಂದಿದೆ. ಹಳ್ಳಕ್ಕೊಬ್ಬ ಕಾವಲುಗಾರನನ್ನು ಯಾವ ಇಲಾಖೆ ತಂದೀತು? ಶೃಂಗೇರಿಯ ಸ್ನಾನಘಟ್ಟದಲ್ಲಿ ತೋಳುದ್ದದ ಮೀನುಗಳು ನಿರ್ಭಯವಾಗಿ ಕಾಲ ಬಳಿಗೇ ಬರುತ್ತವೆ. ಅವುಗಳನ್ನು ಕಾಯುತ್ತಿರುವುದು ಜನರ ನಂಬಿಕೆ.

ನಂಬಿಕೆಯನ್ನು ಎಲ್ಲ ಹಳ್ಳಗಳಿಗೂ ಹಬ್ಬಿಸಲು ನನ್ನಿಂದಾಗದು. ಒಪ್ಪಂದ ಆಗುತ್ತದೆ. "ನಾವು ಬಿಟ್ಟ ಮೀನನ್ನು ಮೇಲಿನ ಊರಿನವರು ಹಿಡಿಯುತ್ತಾರಲ್ಲ ಸ್ವಾಮಿ" ಎಂದು ಹಿರಿಯರೊಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮೇಲಿನ ಊರಿನವರನ್ನೂ ಕರೆಸಿ ಒಂದೇ ಜಗಲಿಯಲ್ಲಿ ಕೂರಿಸಿದ ಮೇಲೆ ಉತ್ತರ ಅವರಿಂದಲೇ ಬಂತು: ಯಾರೂ ಹಳ್ಳವನ್ನು ಅಡ್ಡಗಟ್ಟಬಾರದು, ಕೂಣಿ ಒಂದೇ ಮಗ್ಗುಲಿಗೆ, ಅರ್ಧ ಹಳ್ಳ ಮೀನಿಗೆ. ತಪ್ಪಿದವರ ಕೂಣಿಯನ್ನು ಊರೇ ಎತ್ತಿಡುವುದು.

ಮೀನು ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ. ಮಲೆನಾಡಿನ ಬಡ ಮನೆಗೆ ಅದು ಪುಕ್ಕಟೆ ಸಿಗುವ ಪೌಷ್ಟಿಕ ಆಹಾರ. ಮಳೆ ತಗ್ಗಿದ ಮೇಲೆ ಗದ್ದೆಯ ನೀರಿನೊಂದಿಗೆ ಮೀನು ಹೊಳೆಗೆ ಮರಳುತ್ತದೆ. ಆಗ ಹಿಡಿಯಿರಿ. ಕೂಣಿಯ ಕಡ್ಡಿಗಳ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟು ಹೆಣೆಯಿರಿ, ಮರಿ ನುಸುಳಿಕೊಳ್ಳಲಿ.